ಸೇನಾದಂಗೆಯ ಕಥೆ ಬರೆದ ಮಾಜಿ ಸೈನಿಕ ರಾಡ್ ಸರ್ಲಿಂಗ್

ಸೇನಾ ಕ್ಷಿಪ್ರಕ್ರಾಂತಿಯ ಸಂಚನ್ನು ಕಥಾವಸ್ತುವಾಗಿಸಿಕೊಂಡ ಹಾಲಿವುಡ್ ಚಿತ್ರಗಳ ಮಾತು ಬಂದಾಗಲೆಲ್ಲ 1964ರ ‘ಸೆವೆನ್ ಡೇಸ್ ಇನ್ ಮೇ’ ನೆನಪಾಗುತ್ತದೆ. ನಿರ್ದೇಶಕ ಜಾನ್ ಫ್ರಾಂಕನ್‌ಹೈಮರ್, ನಟರಾದ ಬರ್ಟ್ ಲ್ಯಾಂಕಾಸ್ಟರ್ ಹಾಗೂ ಕರ್ಕ್ ಡಗ್ಲಾಸ್ ಅವರ ಹೆಸರುಗಳು ಚಿತ್ರರಸಿಕರಿಗೆ ಚಿರಪರಿಚಿತ. ಆದರೆ ಅದರ ಚಿತ್ರಕಥೆ ಬರೆದ ರಾಡ್ ಸರ್ಲಿಂಗ್ ಸ್ವತಃ ರಣರಂಗದಲ್ಲಿ ನೆತ್ತರು ಚೆಲ್ಲಿ ಬಂದ ಸೈನಿಕರೆಂಬುದು ಅನೇಕರಿಗೆ ತಿಳಿಯದು.

1924ರ ಡಿಸೆಂಬರ್ 25ರಂದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಸರ್ಲಿಂಗ್ ಬೆಳೆದದ್ದು ಬಿಂಗ್‌ಹ್ಯಾಮ್‌ಟನ್ ಪಟ್ಟಣದಲ್ಲಿ. 1943ರಲ್ಲಿ ಶಾಲಾ ಶಿಕ್ಷಣ ಮುಗಿಯುತ್ತಿದ್ದಂತೆ ಸೇನೆ ಸೇರಿ ಪ್ಯಾರಾಟ್ರೂಪರ್ ಆದರು. ಫಿಲಿಪ್ಪೀನ್ಸ್‌ನಲ್ಲಿ ಜಪಾನೀಯರ ವಿರುದ್ಧ ಕಾದಾಡಿ ಗಾಯಗೊಂಡರು. ವಿಮಾನದಿಂದ ಕೆಳಕ್ಕಿಳಿಸಿದ ಆಹಾರದ ಪೆಟ್ಟಿಗೆ ಬಡಿದು ಗೆಳೆಯನೊಬ್ಬ ಕಣ್ಣೆದುರೇ ಅಸುನೀಗಿದ. 1945ರಲ್ಲಿ ತಂದೆ ತೀರಿಕೊಂಡಾಗ ಅಂತ್ಯಕ್ರಿಯೆಗೆ ತೆರಳಲು ರಜೆಯೂ ದೊರೆಯಲಿಲ್ಲ. ಯುದ್ಧ ಮುಗಿದರೂ ದುಃಸ್ವಪ್ನಗಳು ಅವರನ್ನು ಬಿಡಲಿಲ್ಲ.

ಓಹಾಯೋದ ಆಂಟಿಯಾಕ್ ಕಾಲೇಜಿನಲ್ಲಿ ಓದಿದ ಅವರು ರೇಡಿಯೋ, ಬಳಿಕ ಟಿ.ವಿ. ನಾಟಕಗಳತ್ತ ಹೊರಳಿದರು. 1955ರ ‘ಪ್ಯಾಟರ್ನ್ಸ್’ ಅವರಿಗೆ ಮೊದಲ ಎಮ್ಮಿ ಪ್ರಶಸ್ತಿ ತಂದಿತು. ಒಟ್ಟು ಆರು ಎಮ್ಮಿಗಳು ಅವರ ಪಾಲಾದವು.

ಆದರೆ ಖ್ಯಾತಿಯ ಜತೆಗೇ ಕತ್ತರಿಯೂ ಬಂತು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಬಾಲಕನನ್ನು ಬಿಳಿಯರು ಕೊಂದರು, ಆರೋಪಿಗಳು ಖುಲಾಸೆಯಾದರು. ಆ ಘಟನೆಯಿಂದ ಕಲಕಿದ ಸರ್ಲಿಂಗ್ 1956ರಲ್ಲಿ ನಾಟಕವೊಂದನ್ನು ಬರೆದರು. ಪ್ರಾಯೋಜಕರು ಮತ್ತು ವಾಹಿನಿಯವರು ಬೆದರಿದರು. ಕಥೆ ದಕ್ಷಿಣದಿಂದ ನ್ಯೂ ಇಂಗ್ಲೆಂಡಿಗೆ ಸ್ಥಳಾಂತರಗೊಂಡಿತು, ಹತನಾದವನು ಗುರುತಿಲ್ಲದ ಪರದೇಶಿಯಾದ. ಕೊನೆಗೆ ಉಳಿದದ್ದು ಹಲ್ಲು ಕಿತ್ತ ಹಾವು.

ಈ ಕಹಿಯೇ 1959ರ ‘ದಿ ಟ್ವಿಲೈಟ್ ಝೋನ್’ ಸರಣಿಗೆ ಪ್ರೇರಣೆಯಾಯಿತು. ರಾಜಕಾರಣಿಯ ಬಾಯಲ್ಲಿ ಆಡಿಸಲಾಗದ್ದನ್ನು ಅನ್ಯಗ್ರಹವಾಸಿಯ ಬಾಯಲ್ಲಿ ಆಡಿಸಬಹುದೆಂಬುದನ್ನು ಅವರು ಕಂಡುಕೊಂಡಿದ್ದರು. ಐದು ವರ್ಷಗಳಲ್ಲಿ ಪ್ರಸಾರವಾದ 156 ಕಂತುಗಳಲ್ಲಿ 92 ಅವರ ಲೇಖನಿಯಿಂದಲೇ ಮೂಡಿದವು.

ಫ್ಲೆಚರ್ ನೀಬೆಲ್ ಮತ್ತು ಚಾರ್ಲ್ಸ್ ಬೇಲಿ ಅವರ 1962ರ ಕಾದಂಬರಿಯನ್ನು ತೆರೆಗೆ ಅಳವಡಿಸುವಾಗ ಮಾತ್ರ ಇಂಥ ಮುಸುಕು ಬೇಕಾಗಲಿಲ್ಲ. ಸೋವಿಯತ್ ಒಕ್ಕೂಟದೊಡನೆ ಅಣ್ವಸ್ತ್ರ ನಿಶ್ಶಸ್ತ್ರೀಕರಣ ಒಪ್ಪಂದ ಮಾಡಿಕೊಂಡ ಅಧ್ಯಕ್ಷರನ್ನು ಪದಚ್ಯುತಗೊಳಿಸಲು ಸೇನಾ ಮುಖ್ಯಸ್ಥರು ಹೂಡುವ ಸಂಚೇ ಕಥೆ. ಅದನ್ನು ಬಯಲಿಗೆಳೆಯುವ ಕರ್ನಲ್‌ಗೂ ಆ ಒಪ್ಪಂದ ಸಮ್ಮತವಲ್ಲ. ಆದರೂ ಆತ ಸಂವಿಧಾನಕ್ಕೆ ಕೊಟ್ಟ ವಚನಕ್ಕೆ ಬದ್ಧನಾಗುತ್ತಾನೆ. ಸೇನಾಧಿಕಾರಿಯ ಖಾಸಗಿ ಪ್ರೇಮಪತ್ರಗಳು ಕೈಗೆ ಸಿಕ್ಕರೂ ಅಧ್ಯಕ್ಷರು ಅವುಗಳನ್ನು ಅಸ್ತ್ರವಾಗಿಸಿಕೊಳ್ಳುವುದಿಲ್ಲ. ಸಮವಸ್ತ್ರದ ಶಿಸ್ತನ್ನೂ ಅದರ ಅಪಾಯವನ್ನೂ ಬಲ್ಲವರಷ್ಟೇ ಬರೆಯಬಹುದಾದ ಕಥೆಯಿದು.

ಅಧ್ಯಕ್ಷ ಜಾನ್ ಕೆನಡಿ ಈ ಚಿತ್ರ ತಯಾರಾಗಬೇಕೆಂದು ಬಯಸಿದ್ದರು. ಶ್ವೇತಭವನದ ಹೊರಗೆ ಚಿತ್ರೀಕರಣಕ್ಕೂ ಅನುವು ಮಾಡಿಕೊಟ್ಟರು. ಆದರೆ 1964ರ ಫೆಬ್ರುವರಿಯಲ್ಲಿ ಚಿತ್ರ ತೆರೆಕಂಡಾಗ ನೋಡಲು ಅವರೇ ಇರಲಿಲ್ಲ. 1963ರ ನವೆಂಬರ್ 22ರಂದು ಅವರ ಹತ್ಯೆಯಾಗಿತ್ತು.

ಮುಂದೆ ‘ಪ್ಲಾನೆಟ್ ಆಫ್ ದಿ ಏಪ್ಸ್’ (1968) ಚಿತ್ರಕಥೆಯಲ್ಲಿ ಪಾಲುದಾರರಾದ ಸರ್ಲಿಂಗ್, ಕೊನೆಯ ವರ್ಷಗಳಲ್ಲಿ ಇಥಾಕಾ ಕಾಲೇಜಿನಲ್ಲಿ ಪಾಠ ಹೇಳಿದರು. ಬಿಡದೆ ಸೇದುತ್ತಿದ್ದ ಸಿಗರೇಟು ಹೃದಯವನ್ನು ಜರ್ಜರಗೊಳಿಸಿತ್ತು. ಶಸ್ತ್ರಚಿಕಿತ್ಸೆಯ ಬಳಿಕ 1975ರ ಜೂನ್ 28ರಂದು ರಾಚೆಸ್ಟರ್‌ನಲ್ಲಿ ಕೊನೆಯುಸಿರೆಳೆದಾಗ ಅವರಿಗೆ ಕೇವಲ 50 ವರ್ಷ.

ಪ್ರಜಾಪ್ರಭುತ್ವ ಉಳಿಯುವುದು ಫಿರಂಗಿಗಳಿಂದಲ್ಲ, ತನಗೆ ಒಪ್ಪಿಗೆಯಾಗದ ನಿರ್ಧಾರಕ್ಕೂ ತಲೆಬಾಗುವ ಅಧಿಕಾರಿಯ ವಿವೇಕದಿಂದ. ಸರ್ಲಿಂಗ್ ಬಿಟ್ಟುಹೋದ ಈ ಪಾಠ ಯಾವ ದೇಶದಲ್ಲೂ ಹಳತಾಗಿಲ್ಲ.