ಬೀಡುಕಬ್ಬಿಣವನ್ನು ಪಳಗಿಸಿದ ರೆಯೊಮೂರ್

ನಲ್ಲಿಯ ಕೊಳವೆ ತಿರುಗುವಲ್ಲಿ ಹಾಕುವ ಕಬ್ಬಿಣದ ಎಲ್ಬೋವನ್ನು ಪ್ಲಂಬರ್ ಪಾನಾ ಹಾಕಿ ಎಷ್ಟು ಬಿಗಿದರೂ ಅದು ಸೀಳುವುದಿಲ್ಲ. ಅದೂ ಅಚ್ಚಿಗೆ ಎರೆದ ಬೀಡುಕಬ್ಬಿಣವೇ. ಆದರೆ ಬೀಡು ಎಂದರೆ ಸುತ್ತಿಗೆ ಏಟಿಗೆ ಒಡೆಯುವಂಥದ್ದಲ್ಲವೇ? ಈ ಪ್ರಶ್ನೆ ನಮ್ಮನ್ನು ಮುನ್ನೂರು ವರ್ಷ ಹಿಂದಿನ ಫ್ರಾನ್ಸ್‌ಗೆ ಕರೆದೊಯ್ಯುತ್ತದೆ.

ರೆನೆ ಆಂಟ್ವಾನ್ ದ ರೆಯೊಮೂರ್ 1683ರಲ್ಲಿ ಲಾ ರೊಷೆಲ್ ಪಟ್ಟಣದಲ್ಲಿ ಹುಟ್ಟಿದರು. 1708ರಲ್ಲಿ, ಇನ್ನೂ ಇಪ್ಪತ್ತೈದರ ಹರೆಯದಲ್ಲೇ, ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಸೇರಿದರು. ದೇಶದ ಕಸುಬುಗಳನ್ನೆಲ್ಲ ವಿವರಿಸಿ ಬರೆಯುವ ಕೆಲಸ ಅವರ ಪಾಲಿಗೆ ಬಂತು. ಹಾಗೆ ಅವರು ಕುಲುಮೆಗಳ ಬಳಿ ಹೋದರು.

ಅಂದು ಕುಲುಮೆಯ ಗುಟ್ಟುಗಳು ಮನೆತನದ ಆಸ್ತಿ. ರೆಯೊಮೂರ್ ಗುಟ್ಟು ಕೇಳುತ್ತ ಕೂರಲಿಲ್ಲ, ತಾವೇ ಪ್ರಯೋಗಕ್ಕಿಳಿದರು. ಅರವೂ ಕಚ್ಚದ ಬಿಳಿ ಬೀಡಿನ ವಸ್ತುಗಳನ್ನು ಎಲುಬಿನ ಬೂದಿ, ಇದ್ದಿಲು ಮುಂತಾದ ಪುಡಿಗಳಲ್ಲಿ ಹುದುಗಿಸಿ, ಗಾಳಿಯಾಡದಂತೆ ಮುಚ್ಚಿ, ಕರಗದಂತೆ ಎಚ್ಚರ ವಹಿಸಿ ದಿನಗಟ್ಟಲೆ ಕಾಯಿಸಿದರು. ಹೊರಬಂದ ವಸ್ತು ಅರಕ್ಕೆ ಬಗ್ಗಿತು, ಪೆಟ್ಟನ್ನೂ ತಾಳಿತು. ಬಿಳಿ ಬೀಡಿನಲ್ಲಿ ಇಂಗಾಲ ಕಬ್ಬಿಣದೊಡನೆ ಗಟ್ಟಿಯಾಗಿ ಕೂಡಿಕೊಂಡಿರುತ್ತದೆ. ದೀರ್ಘ ಕಾವಿಗೆ ಆ ಬಂಧ ಬಿಡುತ್ತದೆ. ಒಂದಷ್ಟು ಇಂಗಾಲ ಮೇಲ್ಮೈಯಿಂದ ಹೊರಹೋಗಬಹುದು, ಒಂದಷ್ಟು ಒಳಗೇ ಗ್ರಾಫೈಟ್ ಉಂಡೆಗಳಾಗಿ ಉಳಿಯಬಹುದು. ಇದೆಲ್ಲ ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಉಕ್ಕಿನ ಗುಣಕ್ಕೆ ಇಂಗಾಲ ಕಾರಣವೆಂದು ಫ್ರೆಂಚ್ ವಿಜ್ಞಾನಿಗಳು ಹೇಳಿದ್ದು 1786ರಲ್ಲಿ. ಲವಣ, ಗಂಧಕದ ಅಂಶಗಳೆಂದೇ ರೆಯೊಮೂರ್ ನಂಬಿದ್ದರು. ಕಾರಣ ತಪ್ಪಿದರೂ ಕೆಲಸ ತಪ್ಪಲಿಲ್ಲ!

1722ರಲ್ಲಿ ಎಲ್ಲವನ್ನೂ ಪುಸ್ತಕವಾಗಿ ಅಚ್ಚು ಹಾಕಿಸಿದರು. ಪರದೇಶದವರೂ ಓದಿ ಲಾಭ ಮಾಡಿಕೊಳ್ಳುತ್ತಾರಲ್ಲ ಎಂಬ ಆಕ್ಷೇಪ ಇತ್ತು. ಅವರು ಹಿಂದೆ ಸರಿಯಲಿಲ್ಲ. ಆಳುವವರು ವರ್ಷಕ್ಕೆ 12,000 ಲಿವ್ರ್ ಗೌರವಧನ ಕೊಟ್ಟಾಗ, ತಮ್ಮ ನಂತರ ಅದು ಅಕಾಡೆಮಿಗೆ ಸೇರಲಿ ಎಂದು ಕೇಳಿಕೊಂಡರು. ಅವರ ವಿಧಾನದ ಕಾರ್ಖಾನೆಯೇನೋ ಲಾಭ ಕಾಣಲಿಲ್ಲ.

ಮುಂದೆ 0ರಿಂದ 80 ಡಿಗ್ರಿಯ ಉಷ್ಣಮಾಪಕ, ಕೀಟಗಳ ಬಗ್ಗೆ ಆರು ಸಂಪುಟ. ಜನ ಅವರನ್ನು ನೆನೆಯುವುದು ಹೆಚ್ಚಾಗಿ ಇವುಗಳಿಂದ. 1757ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡರು. ಅಮೆರಿಕದ ನೆವಾರ್ಕ್‌ನಲ್ಲಿ ಸೆತ್ ಬಾಯ್ಡನ್ 1826ರಲ್ಲಿ ಇದೇ ಜಾಡಿನಲ್ಲಿ ಬೀಡನ್ನು ಕಾಯಿಸಿ ನೋಡಿದಾಗ, ಮುರಿದ ಒಳಭಾಗ ಬೆಳ್ಳಗಿರದೆ ಕಪ್ಪಗಿತ್ತು. ಬಾಗುವ ಗುಣ ಮಾತ್ರ ಅದರಲ್ಲೂ ಇತ್ತು.