ನ್ಯಾಯಶಾಸ್ತ್ರಜ್ಞ ಬೆನಗಲ್ ನರಸಿಂಗ ರಾವ್

ಭಾರತದ ಸಂವಿಧಾನದ ಕರಡನ್ನು ರೂಪಿಸಿದವರ ಸಾಲಿನಲ್ಲಿ ಬೆನಗಲ್ ನರಸಿಂಗ ರಾಯರ ಹೆಸರು ಪ್ರಸಿದ್ಧವಾದುದು. ಆದರೆ ಯುದ್ಧಾಪರಾಧಿಗಳನ್ನು ಜಗತ್ತು ಯಾವ ನಿಯಮದಡಿ ವಿಚಾರಣೆ ಮಾಡಬೇಕೆಂಬ ಪ್ರಶ್ನೆ ಉದ್ಭವಿಸಿದ ಕಾಲದಲ್ಲಿ, ಅದನ್ನು ಕೈಗೆತ್ತಿಕೊಂಡ ವಿದ್ವಾಂಸರ ಮಂಡಲಿಯಲ್ಲಿಯೂ ಅವರಿದ್ದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅಷ್ಟಾಗಿ ಅರಿಯರು.

1887ರ ಫೆಬ್ರವರಿ 26ರಂದು ಕರಾವಳಿಯ ಸಾರಸ್ವತ ಮನೆತನವೊಂದರಲ್ಲಿ ಅವರ ಜನನವಾಯಿತು. ತಂದೆ ರಾಘವೇಂದ್ರ ರಾಯರು ವೈದ್ಯರು. ಸಹೋದರರಲ್ಲಿ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಕರ್ತರಾಗಿ ಹೆಸರು ಗಳಿಸಿದರು. ನರಸಿಂಗ ರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಇಡೀ ಮದರಾಸು ಪ್ರಾಂತ್ಯಕ್ಕೇ ಮೊದಲಿಗರಾಗಿ ಉತ್ತೀರ್ಣರಾದರು. ಆಗ ನಮ್ಮ ವಯನಾಡು ಮಲಬಾರ್ ಜಿಲ್ಲೆಯ ತಾಲೂಕಾಗಿದ್ದು, ಮಂಗಳೂರಿನಂತೆಯೇ ಅದೇ ಪ್ರಾಂತ್ಯದ ಆಡಳಿತಕ್ಕೆ ಒಳಪಟ್ಟಿತ್ತು. ಮದರಾಸಿನಲ್ಲಿ ಪದವಿ ಪಡೆದ ರಾಯರು ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿ, ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1910ರಲ್ಲಿ ಸ್ವದೇಶಕ್ಕೆ ಮರಳಿದರು.

ಬಂಗಾಳ ಮತ್ತು ಅಸ್ಸಾಮುಗಳಲ್ಲಿ ಸೇವೆ ಸಲ್ಲಿಸುತ್ತ ಶಾಸನಗಳನ್ನು ಬರೆಯುವ ಕಲೆಯಲ್ಲಿ ಅವರು ನಿಷ್ಣಾತರಾದರು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿ, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿ ದುಡಿದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ ನೇಮಕಗೊಂಡಾಗ ಅವರು ಆ ಕಾರ್ಯಕ್ಕೆ ವೇತನವನ್ನು ಸ್ವೀಕರಿಸಲಿಲ್ಲ. ಅವರು ಸಿದ್ಧಪಡಿಸಿದ ಮೊದಲ ಕರಡೇ ಕರಡು ಸಮಿತಿಯ ಪರಿಶೀಲನೆಗೆ ಆಧಾರವಾಯಿತು. 1949ರ ನವೆಂಬರ್ 25ರಂದು ಡಾ. ಅಂಬೇಡ್ಕರರು ಸಭೆಯಲ್ಲಿ ಈ ಋಣವನ್ನು ಸ್ಮರಿಸಿದರು.

ಅದೇ ವರ್ಷ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಾನೂನು ಆಯೋಗವು ಕಾರ್ಯಾರಂಭ ಮಾಡಿತು. ಅದರ ಮೊದಲ 15 ಸದಸ್ಯರಲ್ಲಿ ರಾಯರೂ ಒಬ್ಬರು. ನ್ಯೂರೆಂಬರ್ಗ್ ಹಾಗೂ ಟೋಕಿಯೋ ವಿಚಾರಣೆಗಳು ಆಗಷ್ಟೇ ಮುಗಿದಿದ್ದವು. ಗೆದ್ದವರು ಸೋತವರನ್ನು ದಂಡಿಸಿದರೆ ಅದು ಸೇಡೋ ನ್ಯಾಯವೋ ಎಂಬ ಸಂಶಯ ಜಗತ್ತನ್ನು ಕಾಡುತ್ತಿತ್ತು. ಯಾರಿಗೂ ಸಮಾನವಾಗಿ ಅನ್ವಯಿಸುವ ಲಿಖಿತ ನಿಯಮಗಳೇ ಅದಕ್ಕೆ ಉತ್ತರವಾಗಬಲ್ಲವಾಗಿದ್ದವು. 1950ರಲ್ಲಿ ಆಯೋಗವು 7 ತತ್ತ್ವಗಳನ್ನು ನಿರೂಪಿಸಿತು. ರಾಷ್ಟ್ರದ ಮುಖ್ಯಸ್ಥನಾಗಿದ್ದ ಮಾತ್ರಕ್ಕೆ ಯಾರೂ ಹೊಣೆಯಿಂದ ಪಾರಾಗಲಾರರು. ಬೇರೆ ದಾರಿಯನ್ನು ಆಯ್ದುಕೊಳ್ಳಲು ಅವಕಾಶವಿದ್ದಾಗ ಮೇಲಧಿಕಾರಿಯ ಆಜ್ಞೆಯೆಂಬುದು ನೆಪವಾಗಲಾರದು. ಎಂಥ ಆರೋಪಿಗೂ ನಿಷ್ಪಕ್ಷಪಾತ ವಿಚಾರಣೆಯ ಹಕ್ಕುಂಟು ಎಂಬಿವು ಅವುಗಳಲ್ಲಿ ಮುಖ್ಯವಾದವು. ಇಂಥ ಅಪರಾಧಗಳಿಗೊಂದು ಅಂತಾರಾಷ್ಟ್ರೀಯ ನ್ಯಾಯಾಲಯವು ಅಪೇಕ್ಷಣೀಯವೂ ಸಾಧ್ಯವೂ ಆಗಿದೆಯೆಂದು ಆಯೋಗವು ಅಭಿಪ್ರಾಯಪಟ್ಟಿತು. ರಾಯರ ತರುವಾಯ 1952ರಲ್ಲಿ ಆಯೋಗಕ್ಕೆ ಬಂದ ಭಾರತೀಯರು, ಟೋಕಿಯೋ ವಿಚಾರಣೆಯಲ್ಲಿ ಭಿನ್ನ ತೀರ್ಪನ್ನಿತ್ತ ರಾಧಾಬಿನೋದ ಪಾಲರು.

1950ರ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧವು ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ರಾಯರೇ. ಮುಂದೆ ಕದನ ವಿರಾಮಕ್ಕಾಗಿ ಶ್ರಮಿಸಿದ ಮೂವರ ತಂಡದಲ್ಲಿಯೂ ಅವರಿದ್ದರು. 1952ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಅವರು, 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ನಿಧನರಾದರು.

ಆ ನ್ಯಾಯಾಲಯವು ರಾಷ್ಟ್ರ ರಾಷ್ಟ್ರಗಳ ನಡುವಣ ವ್ಯಾಜ್ಯಗಳನ್ನು ತೀರ್ಮಾನಿಸುವಂಥದು. ನರಮೇಧ, ಯುದ್ಧಾಪರಾಧಗಳನ್ನೆಸಗಿದ ವ್ಯಕ್ತಿಗಳನ್ನು ವಿಚಾರಿಸುವ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು ಅದೇ ನಗರದಲ್ಲಿ ಅಸ್ತಿತ್ವಕ್ಕೆ ಬರಲು 2002ರವರೆಗೆ ಕಾಯಬೇಕಾಯಿತು. ಭಾರತವು ಇಂದಿಗೂ ಅದರ ಸದಸ್ಯತ್ವವನ್ನು ಪಡೆದಿಲ್ಲ. ಆ ಕುರಿತ ವಾದ ವಿವಾದಗಳು ನಿಂತಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಅಂತಾರಾಷ್ಟ್ರೀಯ ಅಪರಾಧ ಕಾನೂನು ಇಂದು ಸ್ವತಂತ್ರ ಅಧ್ಯಯನ ವಿಷಯವಾಗಿದ್ದು, ನ್ಯೂರೆಂಬರ್ಗ್ ತತ್ತ್ವಗಳು ಅದರ ಆರಂಭದ ಪಾಠಗಳಲ್ಲಿ ಸೇರಿವೆ. ಶತಮಾನೋತ್ಸವದ ಈ ಸಂದರ್ಭದಲ್ಲಿ ನಮ್ಮ ಶಾಲೆಯ ಬಾಲಕ ಬಾಲಕಿಯರು ಆ ಪಾಠದ ವಿದ್ಯಾರ್ಥಿಗಳಾಗುವ ಕನಸನ್ನು ಕಾಣಲಿ. ಅಧಿಕಾರದ ಮುಂದೆ ನ್ಯಾಯವು ತಲೆಬಾಗಬಾರದೆಂಬ ಅರಿವು ಅವರಲ್ಲಿ ಬೇರೂರಲಿ.