ಖ್ವಾಜಾ ಬಂದೇನವಾಜ್ ಗೇಸುದರಾಜ್

ಖ್ವಾಜಾ ಬಂದೇನವಾಜ್ ಗೇಸುದರಾಜ್ (1321–1422) ಕಲಬುರಗಿಯಲ್ಲಿ ನೆಲೆಸಿದ ಸೂಫಿ ಸಂತ, ವಿದ್ವಾಂಸ ಹಾಗೂ ಗ್ರಂಥಕರ್ತ. ಇವರ ನಿಜನಾಮ ಸೈಯದ್ ಮುಹಮ್ಮದ್ ಹುಸೈನಿ. ದೆಹಲಿಯ ನಸೀರುದ್ದೀನ್ ಚಿರಾಗ್ ಅವರ ಶಿಷ್ಯರಾಗಿದ್ದ ಇವರು ಚಿಶ್ತಿ ಪಂಥವನ್ನು ದಕ್ಷಿಣ ಭಾರತದಲ್ಲಿ ಬೇರೂರಿಸಿದವರಲ್ಲಿ ಪ್ರಮುಖರು. ವಿದ್ಯಾಭ್ಯಾಸ ಮತ್ತು ಆತ್ಮಸಾಧನೆ ಒಂದಕ್ಕೊಂದು ವಿರುದ್ಧವಲ್ಲವೆಂಬುದು ಇವರ ಬಾಳಿನುದ್ದಕ್ಕೂ ಕಾಣುವ ನಿಲುವು. ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಲೇ ಅವರ ಅಂತರಂಗದ ತೊಳಲಾಟಗಳಿಗೆ ಮಾರ್ಗದರ್ಶನ ನೀಡಿದ ಗುರುವೆಂದು ಇವರು ಪ್ರಸಿದ್ಧರು.

ಹೆಸರಿನ ಅರ್ಥ

ಪಾರಸಿ ಭಾಷೆಯಲ್ಲಿ ಗೇಸುದರಾಜ್ ಎಂದರೆ ನೀಳಕೇಶವುಳ್ಳವನು ಎಂದರ್ಥ. ಗುರುವಿನ ಪಲ್ಲಕ್ಕಿಗೆ ಹೆಗಲು ಕೊಟ್ಟಿದ್ದಾಗ ಇವರ ಉದ್ದವಾದ ಕೂದಲು ಅದಕ್ಕೆ ಸಿಕ್ಕಿಕೊಂಡಿತೆಂದೂ, ನೋವಾದರೂ ಪಲ್ಲಕ್ಕಿಯನ್ನು ನಿಲ್ಲಿಸದೆ ನಡೆದರೆಂದೂ, ಅಂದಿನಿಂದ ಈ ಹೆಸರು ಬಂದಿತೆಂದೂ ಸಂಪ್ರದಾಯದ ಕಥೆಯೊಂದು ಹೇಳುತ್ತದೆ. ಬಂದೇನವಾಜ್ ಎಂದರೆ ಸೇವಕರನ್ನು, ಅಂದರೆ ಸಾಮಾನ್ಯ ಜನರನ್ನು, ಕರುಣೆಯಿಂದ ಪೊರೆಯುವವನು. ಕಲಬುರಗಿ ಸೀಮೆಯ ಆಡುಮಾತಿನಲ್ಲಿ ಈ ಎರಡನೆಯ ಹೆಸರೇ ಹೆಚ್ಚು ಬಳಕೆಯಲ್ಲಿದೆ.

ಜನನ ಮತ್ತು ಬಾಲ್ಯ

ಸೈಯದ್ ಮುಹಮ್ಮದ್ ಹುಸೈನಿ ಹಿಜರಿ 721ರಲ್ಲಿ, ಅಂದರೆ ಕ್ರಿ.ಶ. 1321ರಲ್ಲಿ, ದೆಹಲಿಯಲ್ಲಿ ಜನಿಸಿದರು. ತಂದೆ ಸೈಯದ್ ಯೂಸುಫ್ ಹುಸೈನಿ ಚಿಶ್ತಿ ಸಂತರಾದ ನಿಜಾಮುದ್ದೀನ್ ಔಲಿಯಾ ಅವರ ಶಿಷ್ಯರಾಗಿದ್ದರು. ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ದೆಹಲಿಯ ಗಣ್ಯರನ್ನೂ ವಿದ್ವಾಂಸರನ್ನೂ ದೌಲತಾಬಾದಿಗೆ ಕಳುಹಿಸಿದಾಗ ಈ ಕುಟುಂಬವೂ ದಖ್ಖನಿಗೆ ಬಂದಿತು. ಆಗ ಬಾಲಕನಿಗೆ ಸುಮಾರು ಏಳು ವರ್ಷ. 1331ರಲ್ಲಿ ತಂದೆ ತೀರಿಕೊಂಡರು. ಅವರ ಸಮಾಧಿ ದೌಲತಾಬಾದಿನ ಸಮೀಪದ ಖುಲ್ದಾಬಾದಿನಲ್ಲಿದೆ. ಕೆಲವು ವರ್ಷಗಳ ನಂತರ ತಾಯಿ ಮಕ್ಕಳೊಡನೆ ದೆಹಲಿಗೆ ಮರಳಿದರು. ಆಗ ಮುಹಮ್ಮದ್ ಹುಸೈನಿಗೆ ಸುಮಾರು ಹದಿನೈದು ವರ್ಷ ವಯಸ್ಸಾಗಿತ್ತು.

ವಿದ್ಯಾಭ್ಯಾಸ ಮತ್ತು ಗುರುವಿನ ಆದೇಶ

ದೆಹಲಿಗೆ ಮರಳಿದ ಬಳಿಕ, 1336ರಲ್ಲಿ, ಇವರು ಅಣ್ಣನೊಂದಿಗೆ ನಸೀರುದ್ದೀನ್ ಚಿರಾಗ್ ಅವರಿಂದ ದೀಕ್ಷೆ ಪಡೆದರು. ನಸೀರುದ್ದೀನರು ನಿಜಾಮುದ್ದೀನ್ ಔಲಿಯಾ ಅವರ ಉತ್ತರಾಧಿಕಾರಿಗಳು. ದೀಕ್ಷೆಯಾದ ಮೇಲೆ ಯುವಕನ ಮನಸ್ಸು ಧ್ಯಾನ, ಉಪವಾಸ ಮತ್ತು ಏಕಾಂತಗಳತ್ತ ತೀವ್ರವಾಗಿ ವಾಲಿತು. ಪುಸ್ತಕಗಳು ನಿಸ್ಸಾರವೆನಿಸತೊಡಗಿದವು. ಔಪಚಾರಿಕ ವ್ಯಾಸಂಗವನ್ನು ಬಿಟ್ಟು ಸಾಧನೆಗೇ ತೊಡಗಲು ಅವರು ಗುರುವಿನ ಅನುಮತಿ ಕೇಳಿದರು. ಗುರುಗಳು ಒಪ್ಪಲಿಲ್ಲ. ಧರ್ಮಶಾಸ್ತ್ರದ ಮೂಲತತ್ತ್ವಗಳು, ತರ್ಕ ಮತ್ತು ಕುರಾನಿನ ವ್ಯಾಖ್ಯಾನಗಳನ್ನು ಕ್ರಮವಾಗಿ ಓದಿ ಮುಗಿಸಬೇಕೆಂದು ಆದೇಶಿಸಿದರು. ಶಿಷ್ಯನಿಂದ ಮುಂದೆ ಆಗಬೇಕಾದ ಕಾರ್ಯವೊಂದಿದೆ, ಅದಕ್ಕೆ ವಿದ್ಯೆ ಅಗತ್ಯ ಎಂಬುದು ಅವರ ಅಭಿಪ್ರಾಯವಾಗಿತ್ತು.

ಶಿಷ್ಯರು ಈ ಆದೇಶವನ್ನು ಪಾಲಿಸಿದರು. ಅಂದಿನ ದೆಹಲಿಯ ಹೆಸರಾಂತ ವಿದ್ವಾಂಸರಾದ ಶರಫುದ್ದೀನ್ ಕೈಥಲಿ, ತಾಜುದ್ದೀನ್ ಬಹಾದುರ್ ಹಾಗೂ ಕಾಜಿ ಅಬ್ದುಲ್ ಮುಕ್ತದಿರ್ ಅವರಲ್ಲಿ ವ್ಯಾಸಂಗ ಮುಗಿಸಿದರು. ಹೊರಗಿನ ವಿದ್ಯೆಗೆ ಒಬ್ಬ ಶಿಕ್ಷಕ, ಒಳಗಿನ ಶಿಸ್ತಿಗೆ ಒಬ್ಬ ಮಾರ್ಗದರ್ಶಿ ಎಂಬ ಈ ಏರ್ಪಾಡಿನಲ್ಲಿ ಒಂದು ಇನ್ನೊಂದಕ್ಕೆ ಬದಲಿಯಾಗಲಿಲ್ಲ. ಮುಂದೆ ತಾವೇ ಗುರುವಾದಾಗ ಇವರು ಅನುಸರಿಸಿದ್ದೂ ಇದೇ ಕ್ರಮವನ್ನು.

ದೆಹಲಿಯಲ್ಲಿ

1356ರಲ್ಲಿ ನಸೀರುದ್ದೀನ್ ಚಿರಾಗ್ ನಿಧನರಾದರು. ಅನಂತರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಗೇಸುದರಾಜರು ದೆಹಲಿಯಲ್ಲಿ ಶಿಷ್ಯರಿಗೆ ಮಾರ್ಗದರ್ಶನ ನೀಡಿದರು. ಸುಮಾರು ನಲವತ್ತನೆಯ ವಯಸ್ಸಿನಲ್ಲಿ ವಿವಾಹವಾದರು. ಅಕ್ಬರ್ ಹುಸೈನಿ ಮತ್ತು ಅಸ್ಗರ್ ಹುಸೈನಿ ಎಂಬ ಇಬ್ಬರು ಗಂಡುಮಕ್ಕಳೂ ಮೂವರು ಹೆಣ್ಣುಮಕ್ಕಳೂ ಜನಿಸಿದರು.

1398ರಲ್ಲಿ ತೈಮೂರನ ಸೈನ್ಯ ದೆಹಲಿಯನ್ನು ಸಮೀಪಿಸಿತು. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ, ನಗರ ಸೂರೆಯಾಗುವ ಹೊತ್ತಿಗೆ, ಗೇಸುದರಾಜರು ಕುಟುಂಬ ಹಾಗೂ ಕೆಲವು ಶಿಷ್ಯರೊಂದಿಗೆ ದೆಹಲಿಯನ್ನು ತೊರೆದರು. ಆಗ ಅವರ ವಯಸ್ಸು ಎಪ್ಪತ್ತೇಳು. ಗ್ವಾಲಿಯರ್, ಚಂದೇರಿ ಮತ್ತು ಗುಜರಾತಿನ ಮೂಲಕ ಪ್ರಯಾಣ ಬೆಳೆಸಿದರು. ದಾರಿಯಲ್ಲಿಯೂ ಬೋಧನೆ ನಿಲ್ಲಲಿಲ್ಲ. ಗ್ವಾಲಿಯರಿನ ಅಲಾವುದ್ದೀನ್ ಎಂಬ ಶಿಷ್ಯರಿಗೆ ತಮ್ಮ ಪರವಾಗಿ ಬೋಧಿಸುವ ಅಧಿಕಾರವನ್ನು ನೀಡಿದರು. ಕೊನೆಗೆ ತಂದೆಯ ಸಮಾಧಿಯ ದರ್ಶನಕ್ಕಾಗಿ ದೌಲತಾಬಾದಿನ ಕಡೆಗೆ ಬಂದರು. ಬಾಲ್ಯದಲ್ಲಿ ರಾಜಾಜ್ಞೆಯಿಂದ ಕಂಡಿದ್ದ ನಾಡಿಗೆ ವೃದ್ಧಾಪ್ಯದಲ್ಲಿ ನಿರಾಶ್ರಿತರಾಗಿ ಮರಳಿದಂತಾಯಿತು.

ಕಲಬುರಗಿಗೆ ಆಗಮನ

ಬಹಮನಿ ಸುಲ್ತಾನ ಫಿರೋಜ್ ಷಾ (ಆಳ್ವಿಕೆ 1397–1422) ಇವರನ್ನು ತನ್ನ ರಾಜಧಾನಿಯಾದ ಕಲಬುರಗಿಗೆ ಆಹ್ವಾನಿಸಿದನು. ಆಗಮನದ ವರ್ಷದ ಬಗ್ಗೆ ಭಿನ್ನಾಭಿಪ್ರಾಯವಿದೆ. ಸುಮಾರು ಎರಡು ಶತಮಾನಗಳ ನಂತರ ಬರೆದ ಇತಿಹಾಸಕಾರ ಫೆರಿಷ್ತಾ 1413ರ ಸುಮಾರನ್ನು ಸೂಚಿಸಿದರೆ, ಆಧುನಿಕ ವಿದ್ವಾಂಸರಲ್ಲಿ ಹಲವರು ಕ್ರಿ.ಶ. 1400ರ ಆಸುಪಾಸನ್ನು ಒಪ್ಪುತ್ತಾರೆ. ಕೋಟೆಯ ಬಳಿಯಲ್ಲಿ ಇವರ ಖಾನಖಾ, ಅಂದರೆ ಸೂಫಿ ಆಶ್ರಮ, ಆರಂಭವಾಯಿತು.

ಖಾನಖಾದ ದಿನಚರಿಯಲ್ಲಿ ಪಾಠಕ್ಕೆ ದೊಡ್ಡ ಸ್ಥಾನವಿತ್ತು. ಹದೀಸ್, ಕುರಾನಿನ ವ್ಯಾಖ್ಯಾನ, ಧರ್ಮಶಾಸ್ತ್ರ ಹಾಗೂ ಆಧ್ಯಾತ್ಮಿಕ ಮಾರ್ಗದ ಕುರಿತ ಗ್ರಂಥಗಳನ್ನು ಇವರು ಸ್ವತಃ ಬೋಧಿಸುತ್ತಿದ್ದರು. ಪಾಠದ ಜೊತೆಗೆ ಶಿಷ್ಯರ ವೈಯಕ್ತಿಕ ಸಂಶಯಗಳಿಗೂ ಉತ್ತರ ನೀಡುತ್ತಿದ್ದರು. ದೂರದ ಊರುಗಳಲ್ಲಿದ್ದ ಶಿಷ್ಯರಿಗೆ ಪತ್ರಗಳ ಮೂಲಕ ಸಲಹೆ ಕಳುಹಿಸುತ್ತಿದ್ದರು. ಆ ಪತ್ರಗಳು ಸಂಗ್ರಹವಾಗಿ ಉಳಿದುಬಂದಿವೆ.

ಸುಲ್ತಾನರೊಂದಿಗಿನ ಸಂಬಂಧ

ಫಿರೋಜ್ ಷಾ ಬಹುಭಾಷಾ ಪಂಡಿತ. ರೇಖಾಗಣಿತ, ತರ್ಕ ಮುಂತಾದ ವಿಷಯಗಳ ವ್ಯಾಸಂಗಕ್ಕೆ ವಾರದ ಕೆಲವು ದಿನಗಳನ್ನು ಮೀಸಲಿಟ್ಟಿದ್ದನೆಂದು ಫೆರಿಷ್ತಾ ಬರೆದಿದ್ದಾನೆ. ಆರಂಭದಲ್ಲಿ ಸಂತನನ್ನು ಗೌರವದಿಂದ ಬರಮಾಡಿಕೊಂಡ ಸುಲ್ತಾನನಿಗೆ ಕ್ರಮೇಣ ಅವರ ಪಾಂಡಿತ್ಯ ತನ್ನ ನಿರೀಕ್ಷೆಯಷ್ಟಿಲ್ಲವೆಂದು ತೋರಿತಂತೆ. ಸುಲ್ತಾನನ ತಮ್ಮ ಅಹಮದ್ ಮಾತ್ರ ಇವರಲ್ಲಿ ನಿಷ್ಠೆಯುಳ್ಳವನಾಗಿದ್ದನು. ಖಾನಖಾದಲ್ಲಿ ನೆರೆಯುವ ಜನಸಂದಣಿಯಿಂದ ಕೋಟೆಗೆ ತೊಂದರೆಯಾಗುತ್ತದೆಂದು ಸುಲ್ತಾನ ಸೂಚಿಸಿದಾಗ, ಗೇಸುದರಾಜರು ವಾದಿಸದೆ ಊರಿನ ಇನ್ನೊಂದು ಕಡೆಗೆ ವಾಸ ಬದಲಿಸಿದರು. ಈಗಿನ ದರ್ಗಾ ಇರುವುದು ಆ ಸ್ಥಳದಲ್ಲಿಯೇ.

1415ರ ಸುಮಾರಿಗೆ ಫಿರೋಜ್ ಷಾ ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿಯೆಂದು ಸಾರಿ ಸಂತನ ಆಶೀರ್ವಾದ ಬಯಸಿದನು. ಇವರು ಒಪ್ಪಲಿಲ್ಲ. ಸಿಂಹಾಸನ ಅಹಮದನಿಗೆ ಸಲ್ಲುವುದೆಂಬುದು ಇವರ ನಿಲುವಾಗಿತ್ತೆಂದು ಇತಿಹಾಸಗ್ರಂಥಗಳು ಹೇಳುತ್ತವೆ. ಅರಸನ ಆಶ್ರಯದಲ್ಲಿದ್ದುಕೊಂಡೇ ಅರಸನಿಗೆ ಇಲ್ಲವೆನ್ನುವುದು ಅಪಾಯಕರವಾಗಿತ್ತು. 1422ರ ಸೆಪ್ಟೆಂಬರ್‌ನಲ್ಲಿ ಫಿರೋಜ್ ಷಾ ಅಧಿಕಾರ ಬಿಟ್ಟುಕೊಡಬೇಕಾಗಿ ಬಂದು ಅಹಮದ್ ಷಾ ಪಟ್ಟವೇರಿದನು.

ಕೃತಿಗಳು

ಗೇಸುದರಾಜರು ಪಾರಸಿ ಮತ್ತು ಅರಬ್ಬಿ ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿದ್ದಾರೆ. ಅಸ್ಮಾರುಲ್ ಅಸ್ರಾರ್ ಇವರ ಗಹನವಾದ ಅನುಭಾವ ಗ್ರಂಥ. ಅಬು ನಜೀಬ್ ಸುಹ್ರವರ್ದಿಯವರ ಆದಾಬುಲ್ ಮುರೀದೀನ್ ಎಂಬ ಅರಬ್ಬಿ ಕೃತಿಗೆ ವ್ಯಾಖ್ಯಾನ ಬರೆದು, ಅದಕ್ಕೆ ಪೂರಕವಾಗಿ ಖಾತಿಮಾ ಎಂಬ ಕೈಪಿಡಿಯನ್ನು ಸೇರಿಸಿದರು. ಊಟ, ನಿದ್ರೆ, ಮಾತು, ಪ್ರಯಾಣ ಮೊದಲಾದ ನಿತ್ಯಜೀವನದ ಸಂಗತಿಗಳಲ್ಲಿ ಶಿಷ್ಯನು ನಡೆದುಕೊಳ್ಳಬೇಕಾದ ರೀತಿಯನ್ನು ಇದು ವಿವರಿಸುತ್ತದೆ. ಕುಶೈರಿಯವರ ರಿಸಾಲಾ ಮತ್ತು ಐನುಲ್ ಕುಜಾತ್ ಅವರ ತಮ್ಹೀದಾತ್ ಗ್ರಂಥಗಳಿಗೂ ಇವರ ವ್ಯಾಖ್ಯಾನಗಳಿವೆ. ಇಬ್ನ್ ಅರಬಿಯ ಚಿಂತನೆಯನ್ನು ಇವರು ಟೀಕಿಸಿದ್ದಾರೆ.

ಇವರ ಸಂಭಾಷಣೆಗಳನ್ನು ಹಿರಿಯ ಮಗ ಅಕ್ಬರ್ ಹುಸೈನಿ ಜವಾಮಿಉಲ್ ಕಲಿಂ ಎಂಬ ಹೆಸರಿನಲ್ಲಿ ಸಂಗ್ರಹಿಸಿದರು. ಗೇಸುದರಾಜರು ಸಂಸ್ಕೃತ ಗ್ರಂಥಗಳನ್ನು ಅರಿತು ಬ್ರಾಹ್ಮಣ ವಿದ್ವಾಂಸರೊಡನೆ ಚರ್ಚಿಸಿದ ವಿಷಯ ಇದರಲ್ಲಿದೆ. ಅವು ತಮ್ಮ ಧರ್ಮದ ಪರವಾದ ವಾದಗಳಾಗಿದ್ದುದರಿಂದ ಇಂದಿನ ಅರ್ಥದ ಸಮನ್ವಯವೆಂದು ಭಾವಿಸಲಾಗದು. ಆದರೆ ಎದುರಾಳಿಯ ಗ್ರಂಥವನ್ನು ಓದಿಯೇ ವಾದಕ್ಕಿಳಿಯಬೇಕೆಂಬ ಶಿಸ್ತು ಅವುಗಳಲ್ಲಿ ಕಾಣುತ್ತದೆ. 1409ರಲ್ಲಿ ಅಕ್ಬರ್ ಹುಸೈನಿ ತಂದೆಗಿಂತ ಮೊದಲೇ ತೀರಿಕೊಂಡರು.

ಮಿಅರಾಜುಲ್ ಆಶಿಕೀನ್ ಎಂಬ ದಖನಿ ಗದ್ಯಕೃತಿ ಇವರದೆಂದು ಬಹುಕಾಲ ನಂಬಲಾಗಿತ್ತು. ಅದು ಅನಂತರದ ಲೇಖಕರೊಬ್ಬರ ರಚನೆಯೆಂದು ಮುಂದಿನ ಸಂಶೋಧಕರು ವಾದಿಸಿದ್ದಾರೆ.

ನಿಧನ ಮತ್ತು ದರ್ಗಾ

ಅಹಮದ್ ಷಾ ಪಟ್ಟಕ್ಕೆ ಬಂದ ಕೆಲವೇ ವಾರಗಳಲ್ಲಿ, ಹಿಜರಿ 825ರ ಜಿಲ್‌ಕಾದಾ 16ರಂದು (1 ನವೆಂಬರ್ 1422), ಗೇಸುದರಾಜರು ನಿಧನರಾದರು. ಆಗ ಅವರಿಗೆ ನೂರೊಂದು ವರ್ಷ; ಚಾಂದ್ರಮಾನದ ಲೆಕ್ಕದಲ್ಲಿ ನೂರನಾಲ್ಕು. ಕಿರಿಯ ಮಗ ಅಸ್ಗರ್ ಹುಸೈನಿ ಪೀಠವನ್ನು ಮುಂದುವರಿಸಿದರು. ಅಹಮದ್ ಷಾ ಖಾನಖಾಕ್ಕೆ ಹಳ್ಳಿಗಳನ್ನು ಉಂಬಳಿ ನೀಡಿದನು. ಮುಂದೆ ರಾಜಧಾನಿ ಬೀದರಿಗೆ ವರ್ಗಾವಣೆಯಾದರೂ ಕಲಬುರಗಿ ಯಾತ್ರಾಸ್ಥಳವಾಗಿ ಉಳಿಯಿತು. ಶಿಷ್ಯ ಮುಹಮ್ಮದ್ ಅಲಿ ಸಾಮಾನಿ ರಚಿಸಿದ ಸಿಯರೆ ಮುಹಮ್ಮದಿ ಇವರ ಜೀವನದ ಮುಖ್ಯ ಆಕರ.

ಪ್ರತಿವರ್ಷ ಜಿಲ್‌ಕಾದಾ ತಿಂಗಳಲ್ಲಿ ಮೂರು ದಿನಗಳ ಉರುಸ್ ನಡೆಯುತ್ತದೆ. ಗಂಧದ ಮೆರವಣಿಗೆಯಲ್ಲಿ ಮುಸ್ಲಿಮರೊಂದಿಗೆ ಹಿಂದೂಗಳೂ ಪಾಲ್ಗೊಳ್ಳುತ್ತಾರೆ. ದರ್ಗಾದ ಆವರಣದಲ್ಲಿ ಅರಬ್ಬಿ, ಪಾರಸಿ ಮತ್ತು ಉರ್ದು ಗ್ರಂಥಗಳ ಗ್ರಂಥಾಲಯವಿದೆ.

ವಿದ್ಯಾಕ್ಷೇತ್ರದಲ್ಲಿ ಸ್ಮರಣೆ

ಕಲಬುರಗಿಯಲ್ಲಿ ಇವರ ಹೆಸರಿನ ವಿದ್ಯಾಸಂಸ್ಥೆಗಳು ಇಪ್ಪತ್ತನೆಯ ಶತಮಾನದಲ್ಲಿ ಬೆಳೆದವು. 2018ರಲ್ಲಿ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಅದೇ ನಗರದಲ್ಲಿ ಶರಣಬಸವೇಶ್ವರರ ಹೆಸರಿನ ವಿಶ್ವವಿದ್ಯಾಲಯವೂ ಇರುವುದರಿಂದ, ಇಬ್ಬರು ಸಂತರ ಹೆಸರಿನಲ್ಲಿ ಎರಡು ವಿಶ್ವವಿದ್ಯಾಲಯಗಳಿರುವ ಊರೆಂಬ ವಿಶೇಷ ಕಲಬುರಗಿಗೆ ಸಂದಿದೆ. ಓದನ್ನು ತೊರೆಯಲು ಬಯಸಿದ್ದ ಯುವಕನೊಬ್ಬನನ್ನು ಗುರುವೊಬ್ಬರು ಮರಳಿ ಪುಸ್ತಕಗಳತ್ತ ಕಳುಹಿಸಿದ ಘಟನೆಗೆ ಏಳು ಶತಮಾನಗಳು ಸಮೀಪಿಸುತ್ತಿವೆ. ಇಂದು ಅದೇ ಯುವಕನ ಹೆಸರಿನ ತರಗತಿಗಳಲ್ಲಿ ವಿದ್ಯಾರ್ಥಿಗಳು ಓದುತ್ತಿದ್ದಾರೆ.